ನೀರಿನ ಅಂಚಿನಲ್ಲಿ ಬಿಟ್ಟ ಚಪ್ಪಲಿ

ಬಹರೈನ್ ಅಂದರೆ ಅಂಗೈಯಗಲದ ದ್ವೀಪ ಎಂದು ಊರಿಗೆ ಹೋದಾಗ ಯಾರಾದರೂ ಹಂಗಿಸಿದರೆ ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. ನನ್ನ ಗಂಡನಿಗೆ ಹೃದಯಾಘಾತವಾದ ಮೇಲೆ ಆ ಚಿಕ್ಕತನವೇ ನನಗೆ ದೊಡ್ಡ ಧೈರ್ಯ. ಅವರು ಅವಾಲಿಯ ತೈಲ ಕಂಪನಿಯಲ್ಲಿ ಕೆಲಸದ ಮೇಲಿರಲಿ, ನಾನು ಈಸಾ ಟೌನಿನ ಶಾಲೆಯಲ್ಲಿ ಪಾಠ ಮಾಡುತ್ತಿರಲಿ, ಎಲ್ಲಿಂದ ಹೊರಟರೂ ಒಂದು ಪೀರಿಯಡ್ ಮುಗಿಯುವುದರೊಳಗೆ ಸಲ್ಮಾನಿಯಾದ ಆಸ್ಪತ್ರೆಯ ಬಾಗಿಲಲ್ಲಿರಬಹುದು. ಯಾರ ಮನೆಗೆ ಊಟಕ್ಕೆ ಹೋದರೂ ಅಲ್ಲಿಂದ ಆಸ್ಪತ್ರೆಗೆ ಯಾವ ದಾರಿ, ನಡುವೆ ಎಷ್ಟು ಸಿಗ್ನಲ್ ಎಂದು ಮನಸ್ಸಿನಲ್ಲೇ ಹಾಕಿಕೊಂಡು ಆಮೇಲೆ ಒಳಗೆ ಕಾಲಿಡುತ್ತೇನೆ. ಇದು ಹುಚ್ಚು ಎಂದು ನನಗೂ ಗೊತ್ತು.

ಇವರು ಉಡುಪಿ ಕಡೆಯ ಕಡಲತಡಿಯಲ್ಲಿ ಹುಟ್ಟಿ ಬೆಳೆದವರು. ನಡೆಯುವ ಮೊದಲೇ ಈಜಿದವ ಎಂದು ಇವರ ಮನೆಯವರು ಹೇಳುವುದುಂಟು. ಇಲ್ಲಿಗೆ ಬಂದ ಮೇಲೂ ಶುಕ್ರವಾರ ಬೆಳಗ್ಗೆ ಕಡಲಿಗೆ ಇಳಿಯದಿದ್ದರೆ ಇವರಿಗೆ ವಾರ ಮುಗಿದಂತೆ ಅನ್ನಿಸುತ್ತಿರಲಿಲ್ಲ. ನನಗೆ ಈಜು ಬಾರದು. ದಡದಲ್ಲಿ ಕೊಡೆ ಹಿಡಿದು ಕೂತು ಇವರ ಚಪ್ಪಲಿ ಕಾಯುವುದು ನನ್ನ ಕೆಲಸ. ಇವರದು ಯಾವಾಗಲೂ ಒಂದೇ ಕ್ರಮ. ಚಪ್ಪಲಿ ಜೋಡಿಸಿಡುವುದು, ವಾಚು ಬಿಚ್ಚಿ ಬಲಗಾಲಿನ ಚಪ್ಪಲಿಯೊಳಗೆ ತುರುಕುವುದು, ಅಂಗಿಯನ್ನು ಅಚ್ಚುಕಟ್ಟಾಗಿ ಮಡಚಿ ಅದರ ಮೇಲೆ ಮುಚ್ಚುವುದು. ಆಮೇಲೆ ಹಿಂದೆ ತಿರುಗಿ ನೋಡದೆ ನೀರಿಗೆ ಹೋಗುವುದು.

ಅಂಥದೊಂದು ಶುಕ್ರವಾರವೇ ನೀರಿನಿಂದ ಮೇಲೆ ಬಂದವರು ಮರಳಿನ ಮೇಲೆ ಕೂತುಬಿಟ್ಟರು. "ಗ್ಯಾಸ್ ಇರ್ಬೇಕು" ಅಂದರು. ಮುಖ ಬೂದಿಯಾಗಿತ್ತು, ನೀರು ಒರೆಸಿದಷ್ಟೂ ಬೆವರು ಬರುತ್ತಿತ್ತು. ನಾನು ಕಾರು ಓಡಿಸಿಕೊಂಡು ಸಲ್ಮಾನಿಯಾ ಮುಟ್ಟಿದ್ದು ಹೇಗೆಂದು ಈಗಲೂ ನೆನಪಾಗುವುದಿಲ್ಲ. ಕೌಂಟರಿನಲ್ಲಿ ರೋಗಿಯ ಹೆಸರು ಕೇಳಿದರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ನನ್ನ ಅಮ್ಮ ಸಣ್ಣಂದಿನಿಂದ ತಿದ್ದಿದ್ದರು. ಅದು ಮೂಢನಂಬಿಕೆ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುವ ನಾನು, ಆ ಹೊತ್ತಿನಲ್ಲೂ ಹೆಸರು ಹೇಳದೆ ಇವರ ಸಿಪಿಆರ್ ಕಾರ್ಡನ್ನು, ಅಂದರೆ ಇಲ್ಲಿನ ಗುರುತಿನ ಚೀಟಿಯನ್ನು, ಮುಂದೆ ತಳ್ಳಿದೆ. ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು, ಇವರು ಉಳಿದರು. ನಾಲಗೆಯ ಅಡಿಗೆ ಇಡುವ ಸಣ್ಣ ಮಾತ್ರೆಯ ಡಬ್ಬಿ ಅಂದಿನಿಂದ ನನ್ನ ಕೈಚೀಲ ಸೇರಿತು. ಮುಂದೆ ಹೇಳುವವರೆಗೆ ಈಜಬೇಡಿ ಎಂದು ಡಾಕ್ಟರು ಹೇಳಿದರು.

ಊರಿನಿಂದ ಭಾವ ಫೋನ್ ಮಾಡಿದರು. ಭಾವ ಎಂದರೆ ಇವರ ಅಣ್ಣ. ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದರಂತೆ. ಕುಟುಂಬದ ನಾಗಬನಕ್ಕೆ ಇವರು ವರ್ಷಗಟ್ಟಲೆಯಿಂದ ಹೋಗಿಲ್ಲ, ಪಂಚಮಿಯ ದಿನ ಸ್ವಂತ ಕೈಯಿಂದ ಹಾಲೆರೆದಿಲ್ಲ, ಅದೇ ಕಾಡುತ್ತಿದೆ ಎಂದು ಬಂತಂತೆ. ಇವರು ಫೋನಿನಲ್ಲೇ ನಕ್ಕರು.

"ಬ್ಲಾಕ್ ಆದದ್ದು ನನ್ನ ರಕ್ತನಾಳ. ಅದಕ್ಕೂ ನಾಗನಿಗೂ ಎಂತ ಸಂಬಂಧ? ಬೇಕಾದ್ರೆ ಹಣ ಕಳಿಸ್ತೇನೆ, ನೀನೇ ಒಂದು ಸೇವೆ ಮಾಡಿಸು."

ಆ ನಗುವನ್ನು ನಾನು ನಂಬಿದೆ. ಮನೆಯಲ್ಲಿ ಇಬ್ಬರಲ್ಲಿ ಒಬ್ಬರಿಗಾದರೂ ಧೈರ್ಯವಿದೆ ಎಂದುಕೊಂಡೆ. ಇವರು ಕೆಮ್ಮಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಬಚ್ಚಲಿನಲ್ಲಿ ಸ್ವಲ್ಪ ಹೊತ್ತಾದರೆ ಬಾಗಿಲು ಬಡಿಯುತ್ತಿದ್ದೆ. "ಬದುಕಿದ್ದೇನೆ ಮಾರಾಯ್ತಿ, ಸೋಪು ಹಾಕ್ತಾ ಇದ್ದೇನೆ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು.

ಹೀಗಿರುವಾಗ ನನ್ನ ನಾದಿನಿ ನಮ್ಮನ್ನು ಇಂಗ್ಲೆಂಡಿಗೆ ಕರೆದಳು. ಇವರ ತಂಗಿ. ಅಲ್ಲಿನ ಒಂದು ಸಣ್ಣ ಪಟ್ಟಣದಲ್ಲಿ ನರ್ಸ್. ಶಾಲೆಗೆ ಬೇಸಿಗೆ ರಜೆ ಇತ್ತು, ಡಾಕ್ಟರೂ ಧಾರಾಳ ಹೋಗಿ ಬನ್ನಿ ಅಂದರು. ಇವರಿಗೆ ಸಂಭ್ರಮವೋ ಸಂಭ್ರಮ. ಬಹರೈನಿನ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ತಾರಸಿಯ ಟ್ಯಾಂಕು ಹಾಗೆ ಕಾದಿರುತ್ತದೆ. ನಾವೆಲ್ಲ ಗೀಸರನ್ನು ಆರಿಸಿ, ಅದರೊಳಗೆ ನಿಂತು ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುವವರು. ಕಡಲೂ ಅಷ್ಟೇ ಬೆಚ್ಚಗೆ. ಬಿಸಿಲು ಇದ್ದಲ್ಲಿ ನೀರೂ ಬಿಸಿಯಾಗಿಯೇ ಇರುತ್ತದೆ ಎಂಬುದು ನಮ್ಮ ಮೈಗೆ ಹತ್ತಿಹೋದ ಲೆಕ್ಕ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ನಾದಿನಿಗೆ ನಗರ ತೋರಿಸುವ ಆಸೆ ಇರಲಿಲ್ಲ. ಅವಳಿಗೆ ಕೆರೆಗಳ ಹುಚ್ಚು. ಕೆಲಸವಿಲ್ಲದ ದಿನವೆಲ್ಲ ಬುತ್ತಿ ಕಟ್ಟಿ, ಒಂದಲ್ಲ ಒಂದು ಕೆರೆಗೆ, ಹಕ್ಕಿಗಳಿಗೆಂದು ಕಾದಿಟ್ಟ ಒಂದಲ್ಲ ಒಂದು ಕಾಡಿಗೆ ನಮ್ಮನ್ನು ಕರೆದುಕೊಂಡು ಹೋದಳು. ಮೊದಲು ಹೋದದ್ದು ಹಿಂದೆ ಜಲ್ಲಿ ಅಗೆಯುತ್ತಿದ್ದ ಹೊಂಡಗಳಿಗೆ. ಅಗೆಯುವುದು ನಿಂತ ಮೇಲೆ ನೀರು ತುಂಬಿ ದೊಡ್ಡ ದೊಡ್ಡ ಕೆರೆಗಳಾಗಿ, ಈಗ ಅವು ಹಕ್ಕಿಗಳ ಪಾಲಾಗಿವೆ. ಜೊಂಡಿನ ನಡುವೆ ಒಂದು ಮರದ ಗುಡಿಸಲು. ಅದರ ಸಂದಿಯಲ್ಲಿ ಕಣ್ಣಿಟ್ಟು ಉಸಿರು ಬಿಗಿಹಿಡಿದು ಹಕ್ಕಿ ನೋಡಬೇಕು. ಒಳಗೆ ಕೂತಿದ್ದ ಮುದುಕರು ಯಾರೂ ಮಾತಾಡುತ್ತಿರಲಿಲ್ಲ. ನನಗೆ ಹಕ್ಕಿ ಕಾಣಲಿಲ್ಲ. ಫೋನಿನಲ್ಲಿ ಸಿಗ್ನಲ್ ಇಲ್ಲದಿರುವುದೊಂದೇ ಕಂಡಿತು.

"ಇಲ್ಲಿಂದ ಆಸ್ಪತ್ರೆ ಎಷ್ಟು ದೂರ?" ಎಂದು ನಾದಿನಿಯನ್ನು ಪಿಸುಗುಟ್ಟಿ ಕೇಳಿದೆ.

"ದೂರ ಉಂಟು ಅತ್ತಿಗೆ. ಹೆಲಿಕಾಪ್ಟರ್ ಬರ್ತದೆ, ಹೆದರ್ಬೇಡಿ."

ಹೆಲಿಕಾಪ್ಟರ್ ಎಂಬ ಮಾತು ಕೇಳಿದ ಮೇಲೆ ಹೆದರದೆ ಇರುವುದು ಹೇಗೆ? ಇವರು ಪಕ್ಕದಲ್ಲೇ ಕೂತು ನಗುತ್ತಿದ್ದರು. "ಹಕ್ಕಿ ನೋಡ್ಲಿಕ್ಕೆ ಬಂದದ್ದಾ, ಆಸ್ಪತ್ರೆ ಹುಡುಕ್ಲಿಕ್ಕೆ ಬಂದದ್ದಾ ನೀನು?"

ಆ ಹಸಿರು ಚಂದವಿತ್ತು, ಇಲ್ಲ ಎನ್ನುವುದಿಲ್ಲ. ಆದರೆ ನನಗೆ ಅದು ಭಯದ ಹಸಿರು. ನಮ್ಮ ಕಡೆಯ ಕೆರೆಗೆ ಮೆಟ್ಟಿಲಿರುತ್ತದೆ, ಬಟ್ಟೆ ಒಗೆಯುವವರಿರುತ್ತಾರೆ, ದನ ಮೀಯಿಸುವವರಿರುತ್ತಾರೆ; ಮುಳುಗಿದರೆ ಕೂಗಲು ಯಾರಾದರೂ ಇರುತ್ತಾರೆ. ಇಲ್ಲಿ ಕೆರೆಗೆ ಮೆಟ್ಟಿಲಿಲ್ಲ. ಹುಲ್ಲು ಮುಗಿದಲ್ಲಿ ಸೀದಾ ಕಪ್ಪು ನೀರು. ದಡದಲ್ಲೊಂದು ಕಂಬ, ಮುಳುಗುವವರಿಗೆ ಎಸೆಯಲೆಂದು ಕಂಬಕ್ಕೆ ನೇತುಹಾಕಿದ ಕಿತ್ತಳೆ ಬಣ್ಣದ ತೇಲುವ ಬಳೆ, ನೀರು ಆಳವಿದೆ, ತಣ್ಣಗಿದೆ, ಇಳಿಯಬೇಡಿ ಎಂಬ ಬೋರ್ಡು. ಹಾದಿಯಲ್ಲಿ ಎದುರಾಗುವವರು ನಗುತ್ತಾ ಗುಡ್ ಮಾರ್ನಿಂಗ್ ಹೇಳಿ ನಾಯಿಯೊಂದಿಗೆ ಮರೆಯಾಗುತ್ತಾರೆ. ಆಮೇಲೆ ಬಹಳ ಹೊತ್ತು ಯಾರೂ ಇರುವುದಿಲ್ಲ. ಇವರು ಮುಂದೆ ನಡೆದರೆ ಬೆನ್ನು ನೋಡುತ್ತಾ ನಡೆದೆ. ಹಿಂದೆ ಬಿದ್ದರೆ ತಿರುಗಿ ತಿರುಗಿ ನೋಡಿ ಎರಡು ಸಲ ಎಡವಿದೆ.

ಅಷ್ಟರಲ್ಲಿ ಊರಿನಲ್ಲಿ ನಾಗರ ಪಂಚಮಿ ಬಂದು ಹೋಯಿತು. ಭಾವ ಬನದ ಫೋಟೋ ಕಳಿಸಿದರು. ಇವರು ಅದನ್ನು ನೋಡಿ ಫೋನು ಜೇಬಿಗೆ ಹಾಕಿಕೊಂಡರು.

ಮುಂದಿನ ವಾರ ಅಲ್ಲಿಗೂ ಬಿಸಿಲು ಬಂತು. ಟಿವಿಯಲ್ಲಿ ಅದೇ ಸುದ್ದಿ, ಜನ ಅಂಗಿ ಬಿಚ್ಚಿ ಹುಲ್ಲಿನ ಮೇಲೆ ಮಲಗಿದ್ದರು. ನಮಗೆ ಅದು ಬಹರೈನಿನ ಚಳಿಗಾಲದ ಮಧ್ಯಾಹ್ನದಷ್ಟು ಬಿಸಿಲು, ಅಷ್ಟೇ. ನಾದಿನಿ ನಮ್ಮನ್ನು ದೂರದ ಒಂದು ಕೆರೆಗೆ ಕರೆದುಕೊಂಡು ಹೋದಳು. ಒಂದು ಬದಿಗೆ ಕುರುಚಲು ಗಿಡಗಳ ಬೋಳು ಗುಡ್ಡ, ಇನ್ನೊಂದು ಬದಿಗೆ ಬಿಳಿ ತೊಗಟೆಯ ಮರಗಳ ದಟ್ಟ ತೋಪು, ನಡುವೆ ಕನ್ನಡಿಯಂಥ ನೀರು. ಇವರ ಕಣ್ಣು ಅರಳಿದ್ದನ್ನು ಕಂಡೆ.

"ಒಂದು ಮುಳುಗು ಹಾಕಿದ್ರೆ ಎಂತ ಆಗ್ತದೆ? ಇಷ್ಟು ಬಿಸಿಲುಂಟು, ನೀರು ಬೆಚ್ಚಗೇ ಇರ್ತದೆ" ಅಂದರು.

ನಾದಿನಿ ಕಾರಿನ ಬಾಗಿಲು ಹಿಡಿದೇ ನಿಂತಳು. "ಅಣ್ಣ, ಬಿಸಿಲು ನೋಡಿ ಮೋಸ ಹೋಗ್ಬೇಡ. ಇಲ್ಲಿಯ ನೀರು ಬೇರೆ. ಮೇಲೆ ಒಂದು ಪದರ ಬೆಚ್ಚಗೆ, ಕೆಳಗೆ ಐಸ್. ಗಟ್ಟಿಮುಟ್ಟಾದ ಹುಡುಗ್ರೇ ಹಾರಿ ಎದೆ ಹಿಡ್ಕೊಳ್ತಾರೆ. ನಿನ್ನ ಹಾರ್ಟಿಗೆ ಅದು ಆಗುದಿಲ್ಲ. ನಾನು ನರ್ಸಾಗಿ ಹೇಳ್ತಿದ್ದೇನೆ."

"ಆಯ್ತು, ಖಲಾಸ್. ಇಳಿಯುದಿಲ್ಲ."

"ನನ್ನ ಮೇಲೆ ಆಣೆ ಮಾಡಿ" ಅಂದೆ ನಾನು.

"ಆಣೆ ಎಂತಕ್ಕೆ, ಹೇಳಿದೆ ಅಲ್ವಾ?" ಎಂದವರ ದನಿಯಲ್ಲಿ ಸಣ್ಣ ಸಿಡುಕಿತ್ತು. ಆಣೆ ಮಾಡಲಿಲ್ಲ ಎಂಬುದು ನನ್ನ ತಲೆಯಲ್ಲಿ ಉಳಿಯಿತು.

ನೀರಿನ ಹತ್ತಿರದ ಬೆಂಚಿನಲ್ಲಿ ಕೂತೆವು. ಚಹಾ ಮಾಡುವ ಹೊತ್ತಿಗೆ ಸಕ್ಕರೆ ಕಾರಿನಲ್ಲೇ ಉಳಿದದ್ದು ಗೊತ್ತಾಗಿ ನಾದಿನಿ ತರಲು ಹೋದಳು. ನನಗೆ ಶೌಚಾಲಯಕ್ಕೆ ಹೋಗಬೇಕಿತ್ತು. ಬೆಳಗ್ಗಿನಿಂದ ತಡೆದುಕೊಂಡಿದ್ದೆ, ಇನ್ನು ಸಾಧ್ಯವಿರಲಿಲ್ಲ. ಇವರನ್ನು ಬಿಟ್ಟುಹೋಗಲು ಮನಸ್ಸಿಲ್ಲದೆಯೇ ಎದ್ದೆ. "ಇಲ್ಲೇ ಕೂತಿರಿ, ಏಳ್ಬೇಡಿ" ಅಂದೆ. "ಹೋಗಿ ಬಾ, ನನ್ನನ್ನು ಬಾತುಕೋಳಿ ಕಚ್ಚಿಕೊಂಡು ಹೋಗುದಿಲ್ಲ" ಅಂದರು.

ಹಿಂದಿರುಗಿದಾಗ ಬೆಂಚು ಖಾಲಿ ಇತ್ತು.

ಮೊದಲು ಹೆದರಲಿಲ್ಲ. ನಾದಿನಿಯ ಹಿಂದೆ ಹೋಗಿರಬೇಕು ಎಂದುಕೊಂಡೆ. ಹಾಗೇ ನಾಲ್ಕು ಹೆಜ್ಜೆ ಮುಂದೆ ಬಂದೆ. ನೀರಿನ ಅಂಚಿನ ಹುಲ್ಲಿನಲ್ಲಿ ಇವರ ಚಪ್ಪಲಿ ಕಂಡಿತು. ಜೋಡಿಸಿ ಇಟ್ಟಿದ್ದರು. ಮೇಲೆ ಮಡಚಿದ ಅಂಗಿ. ಅಂಗಿ ಎತ್ತಿದೆ. ಬಲಗಾಲಿನ ಚಪ್ಪಲಿಯೊಳಗೆ ವಾಚು.

ತಲೆ ಎತ್ತಿ ಕೆರೆಯತ್ತ ನೋಡಿದೆ. ನೀರಿನ ಮೇಲೆ ಒಂದು ಅಲೆಯೂ ಇರಲಿಲ್ಲ. ಬಾತುಕೋಳಿಗಳು ತಮ್ಮಷ್ಟಕ್ಕೆ ತೇಲುತ್ತಿದ್ದವು. ಈಜುವವರ ತಲೆಯಿಲ್ಲ, ಕೈಯಿಲ್ಲ, ಗುಳ್ಳೆಯೂ ಇಲ್ಲ. ಆ ಶಾಂತಿಯಷ್ಟು ಕ್ರೂರವಾದದ್ದನ್ನು ನಾನು ಕಂಡಿಲ್ಲ. ಕೂಗಬೇಕು ಅನ್ನಿಸಿತು. ಏನೆಂದು ಕೂಗಲಿ? ಮದುವೆಯಾದಂದಿನಿಂದ ಇವರನ್ನು ನಾನು ಕರೆದದ್ದು "ಇಲ್ಲಿ ಕೇಳಿ" ಎಂದೇ. "ಇಲ್ಲಿ ಕೇಳಿ, ಇಲ್ಲಿ ಕೇಳಿ" ಎಂದು ಆ ಕೆರೆಗೆ ಕೂಗಿದೆ. ನನ್ನ ಚಪ್ಪಲಿ ಬಿಚ್ಚದೆಯೇ ನೀರಿಗೆ ಇಳಿದೆ. ತಣ್ಣನೆ ನೀರು ಕಾಲನ್ನು ಹಿಡಿದ ರೀತಿಗೆ ಉಸಿರೇ ನಿಂತಿತು. ಮೊಣಕಾಲಿನವರೆಗೆ ಇಳಿದ ನನಗೆ ಹೀಗಾದರೆ ಇವರ ಎದೆಯ ಗತಿ ಏನು ಎಂಬುದೊಂದೇ ಯೋಚನೆ. ಮಾತ್ರೆಯ ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ, ನೀರಿನ ಅಡಿಯಲ್ಲಿರುವವರ ನಾಲಗೆಯಡಿಗೆ ಅದನ್ನು ಇಡುವುದು ಸಾಧ್ಯವೆಂಬಂತೆ.

ನಾಯಿ ತಿರುಗಾಡಿಸುತ್ತಿದ್ದ ವಯಸ್ಸಾದ ಇಂಗ್ಲಿಷ್ ದಂಪತಿ ಓಡಿ ಬಂದರು. "ಮೈ ಹಸ್ಬೆಂಡ್, ಹಾರ್ಟ್ ಪೇಷಂಟ್, ವಾಟರ್" ಎಂದಷ್ಟೇ ಬಂತು ನನ್ನ ಬಾಯಲ್ಲಿ. ಇಂಗ್ಲಿಷಿನಲ್ಲಿ ಪಾಠ ಮಾಡುವವಳು ನಾನು. ಆ ಗಂಡಸು ಅಲ್ಲಿಯೂ ಇದ್ದ ಕಂಬದಿಂದ ಕಿತ್ತಳೆ ಬಳೆಯನ್ನು ಎಳೆದುಕೊಂಡು ಶೂ ಕಳಚತೊಡಗಿದರು. ನನ್ನ ಕಾರಣಕ್ಕೆ ಇನ್ನೊಬ್ಬರ ಹೃದಯವೂ ನಿಲ್ಲುತ್ತದೆ ಎಂದು ಇನ್ನೊಂದು ಹೆದರಿಕೆ ಹುಟ್ಟಿತು. ಹೆಂಗಸು ನನ್ನ ತೋಳು ಹಿಡಿದು ದಡಕ್ಕೆ ಎಳೆದು ಕೇಳಿದರು, ಅವರ ಹೆಸರೇನು, ಹೆಸರು ಹೇಳು, ಕೂಗೋಣ.

ಹೆಸರು ನನ್ನ ಬಾಯಿಗೆ ಬರಲಿಲ್ಲ. ತಳ್ಳಲು ಕಾರ್ಡೂ ಇರಲಿಲ್ಲ. ಹೆಸರು ಹೇಳಿದರೆ ಇವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದದ್ದು ಆ ಗಳಿಗೆಯಲ್ಲೇ ನೆನಪಾಗಬೇಕೇ? ಉಳಿದಿದ್ದರೆ ತಾನೇ ಆಯುಷ್ಯ ಎಂದು ಹಲ್ಲು ಕಚ್ಚಿ ಹೆಸರು ಹೇಳಿದೆ. ಆಕೆ ಅದನ್ನು ತಮ್ಮ ನಾಲಗೆಗೆ ಬಂದಂತೆ ತಿರುಚಿ ಗಟ್ಟಿಯಾಗಿ ಕೂಗಿದರು. ನೀರಿಗೆ ಇಳಿಯುತ್ತಿದ್ದ ಅವರ ಗಂಡನೂ ಕೂಗಿದರು. ನಾನೂ ಕೂಗಿದೆ. ಜೀವನದಲ್ಲಿ ಮೊದಲ ಸಲ ಗಂಡನ ಹೆಸರು ಹಿಡಿದು, ಗಂಟಲು ಹರಿಯುವ ಹಾಗೆ.

ಇವರು ಬಂದರು. ನೀರಿನಿಂದಲ್ಲ, ನಮ್ಮ ಬೆನ್ನ ಹಿಂದಿನ ತೋಪಿನಿಂದ. ಬರಿಮೈ, ಬರಿಗಾಲು. ಕಾಲಿಗೆ ಒಣ ಎಲೆ ಮೆತ್ತಿಕೊಂಡಿತ್ತು. ಕೈಯಲ್ಲಿ ಚಹಾಕ್ಕೆಂದು ತಂದಿದ್ದ ಹಾಲಿನ ಸಣ್ಣ ಬಾಟಲಿ. ಅದು ಖಾಲಿ ಇತ್ತು.

ನಾನು ಹುಲ್ಲಿನ ಮೇಲೆ ಕುಸಿದು ಕೂತೆ. ಇಂಗ್ಲಿಷ್ ಹೆಂಗಸು ನನ್ನ ಬೆನ್ನು ಸವರುತ್ತಿದ್ದರು. ಅವರ ಗಂಡ ಸೊಂಟದವರೆಗೆ ಒದ್ದೆಯಾಗಿ ಮೇಲೆ ಬಂದು, ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ವೆಲ್, ಗುಡ್" ಎಂದು ಶೂ ಹಾಕಿಕೊಂಡರು. ಇವರು ಬಾಟಲಿ ಹಿಡಿದುಕೊಂಡೇ ಸಾರಿ ಸಾರಿ ಎಂದರು. ಸಕ್ಕರೆಯ ಡಬ್ಬಿ ಹಿಡಿದು ಬಂದ ನಾದಿನಿಗೆ ನಡೆದದ್ದು ಅರ್ಥವಾಗಲು ಹೊತ್ತು ಹಿಡಿಯಿತು.

ತೋಪಿನ ಬಾಯಲ್ಲಿ ಮರದ ಹಲಗೆಯೊಂದಿತ್ತು. ಅದರ ಮೇಲೆ ಸುರುಳಿ ಸುತ್ತಿ ತಲೆ ಎತ್ತಿದ ಹಾವಿನ ಚಿತ್ರ. ಇಲ್ಲಿ ವಿಷದ ಹಾವುಗಳಿವೆ, ಜಾಗ್ರತೆ, ನಾಯಿಯನ್ನು ಹಗ್ಗದಲ್ಲಿ ಹಿಡಿದುಕೊಳ್ಳಿ ಎಂದು ಕೆಳಗೆ ಬರೆದಿತ್ತು. ಓದಲು ಬಾರದವರಲ್ಲ ಇವರು. ತೈಲ ಕಂಪನಿಯಲ್ಲಿ ಎಚ್ಚರಿಕೆಯ ಬೋರ್ಡು ಓದಿಯೇ ತಲೆ ನೆರೆದವರು. ಆದರೆ ನೆರಳು ಕವಿದ ತೋಪು, ಅದರ ಬಾಗಿಲಿಗೆ ಹಾವಿನ ಹಲಗೆ, ಒಳಗೆ ಪಾಚಿ ಹಿಡಿದ ಒಂದು ಕಲ್ಲು. ನಮ್ಮ ಕಡೆಯವರಿಗೆ ಅದು ಬೇರೆ ಏನಾಗಿ ಕಾಣಲು ಸಾಧ್ಯ? ನಾಗಬನಕ್ಕೆ ಗಂಡಸರು ಅಂಗಿ ಹಾಕಿಕೊಂಡು ಹೋಗುವುದಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೋಗುವುದಿಲ್ಲ. ಕೆರೆಯಲ್ಲಿ ಕೈಕಾಲು ತೊಳೆದು, ಅಂಗಿ ಚಪ್ಪಲಿ ಅಲ್ಲೇ ಬಿಟ್ಟು, ಹಾಲು ಹಿಡಿದುಕೊಂಡು ಹೋಗಿದ್ದರು.

"ಹಾವು ಉಂಟು ಅಂತ ಬರೆದಲ್ಲಿಗೆ ಬರಿಗಾಲಲ್ಲಿ ಹೋಗುದಾ? ಅಣ್ಣ, ನಿನಗೆ ತಲೆ ಸರಿ ಉಂಟಾ?" ಎಂದು ನಾದಿನಿ ಬೈದಳು. ಬೈಯುತ್ತಲೇ ಅತ್ತಳು.

ನಾನು ಬೈಯಲಿಲ್ಲ. ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಇವರ ಪಕ್ಕ ಕೂತೆ. ಒದ್ದೆ ಸೀರೆ ಕಾಲಿಗೆ ಅಂಟಿಕೊಂಡಿತ್ತು. ಬಹಳ ದೂರ ಬಂದ ಮೇಲೆ ಕೇಳಿದೆ.

"ನೀವು ನಕ್ಕಿದ್ರಲ್ಲ ಭಾವ ಹೇಳಿದಾಗ. ಈಗ ಎಂತ ಬೇಡಿಕೊಂಡ್ರಿ ಅಲ್ಲಿ?"

ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಬೇಡಿಕೊಳ್ಳಲಿಲ್ಲ. ಹೆದರಿಕೆ ಆಗ್ತದೆ ಅಂತ ಹೇಳಿದೆ, ಅಷ್ಟೇ."

"ಅದನ್ನು ಹೇಳ್ಲಿಕ್ಕೆ ಆ ಕಾಡಿಗೆ ಹೋಗ್ಬೇಕಿತ್ತಾ? ನನ್ನತ್ರ ಹೇಳ್ಬಹುದಿತ್ತಲ್ಲ."

"ನಿನ್ನತ್ರ ಹೇಗೆ ಹೇಳುದು ಮಾರಾಯ್ತಿ? ನೀನು ಮೊದಲೇ ಹೆದರಿ ಅರ್ಧ ಆಗಿದ್ದಿ. ನಾನೂ ಹೆದರಿದ್ದೇನೆ ಅಂದ್ರೆ ನೀನು ಉಳಿತಿದ್ಯಾ? ಯಾರಾದ್ರೂ ಒಬ್ರು ನಗಾಡ್ಬೇಕಲ್ಲ ಮನೆಯಲ್ಲಿ."

ಮುಂದೆ ಕಾರು ಓಡಿಸುತ್ತಿದ್ದ ನಾದಿನಿ ಕನ್ನಡಿಯಲ್ಲಿ ಒಮ್ಮೆ ನೋಡಿ ಕಣ್ಣು ತಿರುಗಿಸಿದಳು. ಇವರು ಎಂದೂ ಹೇಳದ್ದನ್ನು ಒಂದೊಂದಾಗಿ ಹೇಳಿದರು. ಬಚ್ಚಲಿನಲ್ಲಿ ತಡವಾಗುತ್ತಿದ್ದದ್ದು ಸೋಪಿಗಲ್ಲ, ಬಾಗಿಲು ಹಾಕಿಕೊಂಡು ತಮ್ಮ ನಾಡಿ ಹಿಡಿದು ನೋಡುವುದಕ್ಕೆ. ಪ್ರತಿ ಸಲ ನಾನು ಬಾಗಿಲು ಬಡಿದಾಗ ಎಣಿಕೆ ತಪ್ಪುತ್ತಿತ್ತಂತೆ. ಆ ಬೆಂಚಿನಲ್ಲಿ ಕೂತು ನೀರು ನೋಡುವಾಗ, ಇನ್ನು ಜನ್ಮದಲ್ಲಿ ಈಜಲಾರೆ ಅನ್ನಿಸಿತಂತೆ. ಡಾಕ್ಟರು ಹೇಳಿದ್ದಕ್ಕಲ್ಲ, ನೀರನ್ನು ಕಂಡರೆ ಹೆದರಿಕೆ ಹುಟ್ಟಿದ್ದಕ್ಕೆ. ಒಂದು ಮುಳುಗು ಹಾಕುತ್ತೇನೆ ಅಂದದ್ದು ಬರೀ ಬಾಯಿಮಾತಂತೆ. ಇಷ್ಟು ದಿನ ಈ ಮನುಷ್ಯನ ಉಸಿರಿಗೆ ಕಿವಿ ಕೊಟ್ಟುಕೊಂಡೇ ಬದುಕಿದ ನನಗೆ ಇದು ಕೇಳಿಸಿರಲಿಲ್ಲ.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಇವರ ನಗುವಿಗೆ ಒರಗಿಕೊಂಡು ನಾನು ಹೆದರುತ್ತಿದ್ದೆ. ಒರಗಿದ್ದ ಗೋಡೆಯೇ ನಡುಗುತ್ತಿದೆ ಎಂದು ತಿಳಿದ ಮೇಲೆ ನನ್ನ ಹೆದರಿಕೆ ದುಪ್ಪಟ್ಟಾಯಿತು. ಉಳಿದ ದಿನಗಳಲ್ಲಿ ನಾದಿನಿ ಯಾವ ಕೆರೆಗೂ ಕರೆದುಕೊಂಡು ಹೋಗಲಿಲ್ಲ, ನಾವೂ ಕೇಳಲಿಲ್ಲ. ವಿಮಾನ ಇಳಿಯುವಾಗ ಕೆಳಗೆ ನಮ್ಮ ಬೂದು ದ್ವೀಪ ಕಂಡಾಗ ನನಗೆ ಅಳು ಬಂತು.

ಶಾಲೆ ಶುರುವಾದ ವಾರವೇ ಇವರ ತಪಾಸಣೆ ಇತ್ತು. ಸಲ್ಮಾನಿಯಾದಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿತು. ನಾನು ಕೈಚೀಲ ತೆಗೆದುಕೊಂಡು ಬಾಗಿಲಿಗೆ ಕೈ ಹಾಕಿದೆ. ಇವರು ಸ್ಟೀರಿಂಗ್ ಬಿಡಲಿಲ್ಲ, ಎಂಜಿನ್ನೂ ಆರಿಸಲಿಲ್ಲ.

"ಸ್ವಲ್ಪ ನಿಲ್ಲು" ಅಂದರು. "ಹೆದರಿಕೆ ಆಗ್ತದೆ."

ಎದೆ ನೋವಾ, ಬೆವರುತ್ತಿದೆಯಾ, ಮಾತ್ರೆ ಕೊಡಲಾ ಎಂಬ ಮೂರೂ ಪ್ರಶ್ನೆಗಳು ಒಟ್ಟಿಗೇ ನನ್ನ ಗಂಟಲಿಗೆ ಬಂದವು. ಕೈ ಆಗಲೇ ಚೀಲದೊಳಗೆ ಡಬ್ಬಿಯನ್ನು ಹುಡುಕುತ್ತಿತ್ತು. ಅವನ್ನು ನುಂಗಿ ಕೈಯನ್ನು ಹೊರಗೆ ತೆಗೆದೆ. ಮೆಲ್ಲನೆ ಇವರ ಹೆಸರು ಹಿಡಿದು ಕರೆದೆ. ಇವರು ತಿರುಗಿ ನೋಡಿದರು.

"ಹೇಳಿ" ಅಂದೆ, "ಕೇಳ್ತೇನೆ."